ಹೋಮ್ಸ್ ಕೌಂಟಿಯ ಟೌನ್‌ಶಿಪ್‌ಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಓಹಾಯೊ ರಾಜ್ಯದ ಹೋಮ್ಸ್ ಕೌಂಟಿಯ ಹಳೆಯ ಭೂಮಾಪನ ನಕ್ಷೆಯಲ್ಲಿ ದಕ್ಷಿಣ ಭಾಗದ ಟೌನ್‌ಶಿಪ್‌ಗಳು (ಜಮೀನು ಗುರುತಿಸಲು ಅಳೆದ ವಿಭಾಗಗಳು) ಐದು ಮೈಲಿಯ ಚೌಕಗಳಾಗಿವೆ, ಉತ್ತರದವು ಆರು ಮೈಲಿಯ ಚೌಕಗಳಾಗಿವೆ. ಒಂದೇ ಕೌಂಟಿಯಲ್ಲಿ ಎರಡು ಅಳತೆಗಳು ಬಂದದ್ದು ಹೇಗೆ?

ಉತ್ತರ: ಈ ವ್ಯತ್ಯಾಸದ ಮೂಲ ಒಂದು ಯುದ್ಧದಲ್ಲಿದೆ. 1794ರಲ್ಲಿ ಫಾಲನ್ ಟಿಂಬರ್ಸ್ ಎಂಬಲ್ಲಿ ಜನರಲ್ ಆಂಟನಿ ವೇಯ್ನ್‌ನ ಸೈನ್ಯಕ್ಕೆ ಸೋತ ಮೂಲನಿವಾಸಿ ಬುಡಕಟ್ಟುಗಳು ಮರುವರ್ಷ ಗ್ರೀನ್‌ವಿಲ್ ಒಪ್ಪಂದಕ್ಕೆ ಒಪ್ಪಿಗೆ ಕೊಡಬೇಕಾಯಿತು. ಆ ಒಪ್ಪಂದದಲ್ಲಿ ಗೊತ್ತುಮಾಡಿದ ಗಡಿರೇಖೆಯು ಇಂದಿನ ಕೌಂಟಿ ಕೇಂದ್ರವಾದ ಮಿಲ್ಲರ್ಸ್‌ಬರ್ಗ್‌ಗೆ ಸ್ವಲ್ಪ ಉತ್ತರದಲ್ಲಿ, ತುಸು ಓರೆಯಾಗಿ ಹಾದುಹೋಗುತ್ತದೆ. ರೇಖೆಯ ದಕ್ಷಿಣದ ನೆಲ ಅಮೆರಿಕ ಸರ್ಕಾರದ ಪಾಲಾಯಿತು. ಉತ್ತರದ ನೆಲ ಬುಡಕಟ್ಟುಗಳಲ್ಲೇ ಉಳಿಯಿತು. ಆದರೆ ಅದು ಉಳಿದದ್ದು ಹತ್ತೇ ವರ್ಷ: 1805ರ ಫೋರ್ಟ್ ಇಂಡಸ್ಟ್ರಿ ಒಪ್ಪಂದದಲ್ಲಿ ಆ ಭಾಗವೂ ಅವರ ಕೈಬಿಟ್ಟಿತು.

ದಕ್ಷಿಣದ ಭಾಗವನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1796ರಲ್ಲಿ, ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದ ಸೈನಿಕರಿಗೆ ಇನಾಮಾಗಿ ಕೊಡಲು ಕಾಯ್ದಿರಿಸಿದ ಸೇನಾ ವಲಯಕ್ಕೆ ಸೇರಿಸಿತು. ಅಲ್ಲಿ ಪ್ರತಿ ಟೌನ್‌ಶಿಪ್ ಐದು ಮೈಲಿಯ ಚೌಕ, ಅಂದರೆ 16,000 ಎಕರೆ; ಅದನ್ನು ತಲಾ 4,000 ಎಕರೆಯ ನಾಲ್ಕು ಭಾಗಗಳನ್ನಾಗಿ ಮಾಡಲಾಯಿತು. ಸಾಮಾನ್ಯ ಸೈನಿಕನಿಗೆ ದೊರೆತ ಹಕ್ಕುಪತ್ರ 100 ಎಕರೆಯದು. ಆದರೆ ಮೊದಲಿಗೆ 4,000 ಎಕರೆಗೆ ಕಡಿಮೆ ಭೂಮಿಯನ್ನು ಗುರುತಿಸಿ ಪಡೆಯುವಂತೆಯೇ ಇರಲಿಲ್ಲ. ಹಾಗಾಗಿ ಹಕ್ಕುಪತ್ರಗಳನ್ನು ಕಡಿಮೆ ಬೆಲೆಗೆ ಕೊಂಡು ಒಟ್ಟುಗೂಡಿಸಿದ ವ್ಯಾಪಾರಿಗಳಿಗೆ ಲಾಭವಾಯಿತು. 100 ಎಕರೆಯ ತುಂಡುಗಳಿಗೆ ಅವಕಾಶ ದೊರೆತದ್ದು 1800ರಲ್ಲಿ. ಸೈನಿಕರ ಹೆಸರಿನಲ್ಲಿ ಮಾಡಿದ ಕಾನೂನು ಸೈನಿಕನಿಗೇ ಕೊನೆಗೆ ಎಟುಕಿತೆಂಬುದನ್ನು ಇಲ್ಲಿ ಹೇಳದೆ ಇರಲಾಗದು.

ಉತ್ತರ ಭಾಗಕ್ಕೆ ಅನ್ವಯಿಸಿದ್ದು 1785ರ ಭೂ ಶಾಸನದಿಂದ ಬಂದ ಸಾಮಾನ್ಯ ಪದ್ಧತಿ: ಆರು ಮೈಲಿಯ ಚೌಕ, ಅದರೊಳಗೆ ತಲಾ 640 ಎಕರೆಯ 36 ಸೆಕ್ಷನ್‌ಗಳು. 16ನೆಯ ಸೆಕ್ಷನ್ನನ್ನು ಶಾಲೆಗಳಿಗೆಂದು ಮೀಸಲಿಡಬೇಕೆಂಬ ನಿಯಮವೂ ಆ ಶಾಸನದ್ದೇ.

ಪ್ರಶ್ನೆ: ಹಾಗಾದರೆ ಟೌನ್‌ಶಿಪ್ ಎಂದರೆ ಕೇವಲ ಭೂಮಾಪನದ ಚೌಕವೇ? ಅದಕ್ಕೆ ಆಡಳಿತವಿಲ್ಲವೇ?

ಉತ್ತರ: ಒಂದೇ ಹೆಸರಿನಲ್ಲಿ ಎರಡು ವ್ಯವಸ್ಥೆಗಳಿವೆ, ಗೊಂದಲವಾಗುವುದು ಸಹಜ. ಭೂಮಾಪಕರ ಚೌಕ ಜಮೀನನ್ನು ಗುರುತಿಸಲು ಮಾತ್ರ. ಆಡಳಿತದ ಟೌನ್‌ಶಿಪ್ ಬೇರೆ. ಅದರ ಗಡಿ ಚೌಕದ ಗಡಿಗೆ ಹೊಂದಿಕೊಳ್ಳಲೇಬೇಕೆಂದಿಲ್ಲ. ಹೋಮ್ಸ್ ಕೌಂಟಿಯಲ್ಲಿ ಇಂಥ 14 ಟೌನ್‌ಶಿಪ್‌ಗಳಿವೆ: ಬರ್ಲಿನ್, ವಾಲ್‌ನಟ್ ಕ್ರೀಕ್, ಸಾಲ್ಟ್ ಕ್ರೀಕ್, ಪೇಂಟ್, ಕಿಲ್‌ಬಕ್, ರಿಚ್‌ಲ್ಯಾಂಡ್ ಮುಂತಾದವು. ಮಿಲ್ಲರ್ಸ್‌ಬರ್ಗ್ ಇರುವುದು ಹಾರ್ಡಿ ಟೌನ್‌ಶಿಪ್‌ನಲ್ಲಿ. ಓಹಾಯೊದಲ್ಲಿ ಪ್ರತಿ ಟೌನ್‌ಶಿಪ್‌ಗೆ ನಾಲ್ಕು ವರ್ಷಗಳ ಅವಧಿಗೆ ಚುನಾಯಿತರಾದ ಮೂವರು ಟ್ರಸ್ಟಿಗಳೂ ಹಣಕಾಸು ನೋಡಿಕೊಳ್ಳುವ ಒಬ್ಬ ಅಧಿಕಾರಿಯೂ ಇರುತ್ತಾರೆ. ಸ್ಥಳೀಯ ರಸ್ತೆ, ಸ್ಮಶಾನ, ಅಗ್ನಿಶಾಮಕ ಸೇವೆ, ಅಕ್ಕಪಕ್ಕದ ಹೊಲಗಳವರ ಬೇಲಿಯ ತಕರಾರು ಇವೆಲ್ಲ ಅವರ ಮುಂದೆ ಬರುತ್ತವೆ. ಶೆರಿಫ್, ಜಮೀನು ದಾಖಲೆಗಳ ಕಚೇರಿ, ನ್ಯಾಯಾಲಯ ಇವು ಕೌಂಟಿಯ ಮಟ್ಟದವು.

ಪ್ರಶ್ನೆ: ಕೌಂಟಿಯ ಇತಿಹಾಸದ ಮುಖ್ಯ ಘಟನೆಗಳನ್ನು ತಿಳಿಸುವಿರಾ?

ಉತ್ತರ: ನೆರೆಯ ಕೊಶಾಕ್ಟನ್, ಟಸ್ಕರಾವಸ್ ಮತ್ತು ವೇಯ್ನ್ ಕೌಂಟಿಗಳ ಭಾಗಗಳಿಂದ ಹೋಮ್ಸ್ ಕೌಂಟಿಯನ್ನು 1824ರಲ್ಲಿ ರಚಿಸಲಾಯಿತು. 1814ರಲ್ಲಿ ಮ್ಯಾಕಿನಾ ದ್ವೀಪದ ಕಾಳಗದಲ್ಲಿ ಮಡಿದ ಮೇಜರ್ ಆಂಡ್ರ್ಯೂ ಹೋಮ್ಸ್‌ನ ಹೆಸರನ್ನು ಅದಕ್ಕೆ ಇಡಲಾಯಿತು. ಕಿಲ್‌ಬಕ್ ಎಂಬುದು ಲೆನಾಪೆ ಬುಡಕಟ್ಟಿನ ಮುಖಂಡನ ಹೆಸರು. 1778ರಲ್ಲಿ ಫೋರ್ಟ್ ಪಿಟ್‌ನಲ್ಲಿ ಅಮೆರಿಕನ್ನರೊಡನೆ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಈತನೂ ಒಬ್ಬ. ಆ ಮೈತ್ರಿ ಲೆನಾಪೆ ಜನರ ನೆಲವನ್ನು ಕಾಪಾಡಲಿಲ್ಲ. ಇಲ್ಲಿನ ಒಂದು ಹಳ್ಳಕ್ಕೂ ಟೌನ್‌ಶಿಪ್‌ಗೂ ಹೆಸರು ಮಾತ್ರ ಉಳಿಯಿತು.

ಜನರು ಹೆಚ್ಚಾಗಿ ಹೇಳುವ ಕಥೆ 1863ರ ಜೂನ್ ತಿಂಗಳದು. ಅಂತರ್ಯುದ್ಧಕ್ಕೆ ಕಡ್ಡಾಯವಾಗಿ ಸೈನಿಕರನ್ನು ಸೇರಿಸುವ ಕಾನೂನು ಆ ವರ್ಷ ಜಾರಿಗೆ ಬಂದಾಗ, ರಿಚ್‌ಲ್ಯಾಂಡ್ ಟೌನ್‌ಶಿಪ್‌ನ ರೈತರು ಹೆಸರು ಬರೆದುಕೊಳ್ಳಲು ಬಂದ ಅಧಿಕಾರಿಯ ಮೇಲೆ ಕಲ್ಲು ತೂರಿದರು, ಬಂಧಿತರಾದವರನ್ನು ಬಿಡಿಸಿಕೊಂಡರು, ಬಳಿಕ ಗ್ಲೆನ್‌ಮಾಂಟ್ ಸಮೀಪ ಗುಂಪುಗೂಡಿ ಎದುರು ನಿಂತರು. ಸರ್ಕಾರಿ ಪಡೆ ಬಂದೊಡನೆ ಆ ಪ್ರತಿರೋಧ ಚದುರಿಹೋಯಿತು. ಅವರು ಕಟ್ಟಿಕೊಂಡ ನೆಲೆಗೆ ‘ಫೋರ್ಟ್ ಫಿಜಲ್’, ಅಂದರೆ ಠುಸ್ಸೆಂದ ಕೋಟೆ, ಎಂಬ ಅಡ್ಡಹೆಸರು ಅಂಟಿತು.

ಕೌಂಟಿಯ ಪೂರ್ವದ ಟೌನ್‌ಶಿಪ್‌ಗಳಲ್ಲಿ ಆಮಿಷ್ ಎಂಬ ಕ್ರೈಸ್ತ ಪಂಗಡದವರು ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ನೆಲೆಸಿದ್ದಾರೆ. 2020ರ ಜನಗಣತಿಯಂತೆ ಕೌಂಟಿಯ ಜನಸಂಖ್ಯೆ 44,223. ಅವರಲ್ಲಿ ಆಮಿಷರ ಪಾಲು ಸುಮಾರು ಅರ್ಧದಷ್ಟು. ಮೋಟಾರು ವಾಹನ ಇಟ್ಟುಕೊಳ್ಳದ ಈ ಜನರ ಕುದುರೆಗಾಡಿಗಳು ಹಳೆಯ ರೈಲುಮಾರ್ಗದ ಜಾಡಿನಲ್ಲಿ ನಿರ್ಮಿಸಿದ ಹೋಮ್ಸ್ ಕೌಂಟಿ ಟ್ರೇಲ್‌ನಲ್ಲಿ ಸೈಕಲ್ ಸವಾರರೊಡನೆ ಓಡಾಡುತ್ತವೆ.