ಐದು ನಕ್ಷತ್ರ ಸರಿ, ನಿದ್ದೆ ಎಷ್ಟು ಗಂಟೆ?

ಕೆಲಸದ ಮೇಲೆ ಮಹಾನಗರಕ್ಕೆ ಹೋಗುವಾಗ ಐಷಾರಾಮಿ ಹೋಟೆಲ್ ಆರಿಸುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಕಂಪನಿಗಳ ಪ್ರಯಾಣ ವ್ಯವಸ್ಥೆ ನೋಡಿಕೊಳ್ಳುವ ತಜ್ಞರ ಉತ್ತರ ಇಲ್ಲಿದೆ.

ಪ್ರಶ್ನೆ: ಮುಂದಿನ ತಿಂಗಳು ಒಂದು ದೊಡ್ಡ ನಗರಕ್ಕೆ ಹೊರಟಿದ್ದೇನೆ. ಮೂರು ರಾತ್ರಿ, ಎರಡು ಮೀಟಿಂಗ್, ಗ್ರಾಹಕರಿಗೆ ಒಂದು ಔತಣ. ಒಳ್ಳೆಯ ಹೋಟೆಲ್‌ನಲ್ಲೇ ಉಳಿಯಿರಿ ಎಂದು ಕಂಪನಿ ಹೇಳಿದೆ. ನನ್ನ ಮುಂದೆ ಮೂರಿವೆ: ನಗರದ ನಡುವಿನ ಹಳೆಯ ಹೆಸರಾಂತ ಹೋಟೆಲ್, ಕಚೇರಿಗಳಿರುವ ಕಡೆ ಹೊಸದಾಗಿ ಎದ್ದ ಗಗನಚುಂಬಿ, ವಿಮಾನ ನಿಲ್ದಾಣದ ಪಕ್ಕದ್ದೊಂದು. ಮೂರೂ ಫೈವ್ ಸ್ಟಾರ್. ಯಾವುದನ್ನು ಹಿಡಿಯಲಿ?

ಉತ್ತರ: ಮೊದಲು ಆ ಸ್ಟಾರ್‌ಗಳನ್ನು ಪಕ್ಕಕ್ಕಿಡಿ. ಜಗತ್ತಿಗೆಲ್ಲ ಒಂದೇ ಅಳತೆಯ ಸ್ಟಾರ್ ಇಲ್ಲ. ಕೆಲವು ದೇಶಗಳಲ್ಲಿ ಸರ್ಕಾರ ಕೊಡುತ್ತದೆ, ಕೆಲವೆಡೆ ಹೋಟೆಲ್‌ಗಳ ಸಂಘ ಕೊಡುತ್ತದೆ. ಯುರೋಪಿನ ಹಲವು ದೇಶಗಳು 2009ರಲ್ಲಿ ಹುಟ್ಟಿದ ಹೋಟೆಲ್‌ಸ್ಟಾರ್ಸ್ ಯೂನಿಯನ್ ಒಕ್ಕೂಟದಡಿ ಒಂದೇ ಮಾನದಂಡ ಇಟ್ಟುಕೊಂಡಿವೆ. ಅಮೆರಿಕದಲ್ಲಿ ಸರ್ಕಾರಿ ಸ್ಟಾರ್ ಎಂಬುದೇ ಇಲ್ಲ. ದುಬೈನ ಬುರ್ಜ್ ಅಲ್ ಅರಬ್‌ಗೆ ಅಂಟಿಕೊಂಡ ‘ಸೆವೆನ್ ಸ್ಟಾರ್’ ಕೂಡ ಬಾಯಿಂದ ಬಾಯಿಗೆ ಹಬ್ಬಿದ್ದೇ ಹೊರತು ಅಂಥ ದರ್ಜೆ ಕಾಗದದ ಮೇಲೆ ಇಲ್ಲ. ಅದೂ ಅಲ್ಲದೆ ಸ್ಟಾರ್ ಹೆಚ್ಚಾಗಿ ಎಣಿಸುವುದು ಏನೇನಿದೆ ಎಂಬುದನ್ನು: ಲಿಫ್ಟ್ ಇದೆಯೇ, ಹಗಲಿರುಳು ರಿಸೆಪ್ಷನ್ ಇದೆಯೇ, ರೂಮ್ ಸರ್ವಿಸ್ ಇದೆಯೇ. ಅವೆಲ್ಲ ಹೇಗೆ ನಡೆಯುತ್ತಿವೆ ಎಂದು ತಿಳಿಯಬೇಕಾದರೆ ಬೇರೆ ಕಡೆ ನೋಡಬೇಕು. 1958ರಲ್ಲಿ ಮೊಬಿಲ್ ಗೈಡ್ ಆಗಿ ಶುರುವಾದ ಫೋರ್ಬ್ಸ್ ಟ್ರಾವೆಲ್ ಗೈಡ್‌ನವರು ಗುರುತು ಹೇಳದೆ ತಂಗಿ ಸೇವೆಯನ್ನು ತೂಗುತ್ತಾರೆ. ರೆಸ್ಟೋರೆಂಟ್‌ಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್‌ನವರು 2024ರಿಂದ ಹೋಟೆಲ್‌ಗಳಿಗೆ ಒಂದರಿಂದ ಮೂರು ‘ಕೀ’ ಕೊಡುತ್ತಿದ್ದಾರೆ. ಆದರೆ ನಿಮ್ಮ ಮೀಟಿಂಗ್ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಇವರಾರಿಗೂ ಗೊತ್ತಿಲ್ಲ.

ಅದು ಗೊತ್ತಿರುವುದು ನಿಮಗೆ ಮಾತ್ರ. ಹಾಗಾಗಿ ಮ್ಯಾಪ್ ತೆರೆಯಿರಿ. ಕಿಲೋಮೀಟರ್ ನೋಡಬೇಡಿ, ನಿಮಿಷ ನೋಡಿ. ಅದೂ ಈಗಿನ ನಿಮಿಷವಲ್ಲ. ಹೊರಡುವ ಸಮಯವನ್ನು ವಾರದ ದಿನ ಬೆಳಗ್ಗೆ ಎಂಟೂವರೆ ಎಂದು ಹಾಕಿ ನೋಡಿ. ಭಾನುವಾರ ಸಂಜೆ ಹನ್ನೆರಡು ನಿಮಿಷ ತೋರಿಸುವ ದಾರಿ ಸೋಮವಾರ ಬೆಳಗ್ಗೆ ಐವತ್ತಾಗಬಹುದು. ವಿಮಾನ ಇಳಿಯುವ ಹೊತ್ತಿಗೆ ನಿಲ್ದಾಣದಿಂದ ಹೋಟೆಲ್‌ಗೆ, ಹೋಟೆಲ್‌ನಿಂದ ಎರಡೂ ಮೀಟಿಂಗ್‌ಗಳಿಗೆ, ಕೊನೆಯ ದಿನ ಮತ್ತೆ ನಿಲ್ದಾಣಕ್ಕೆ: ಮೂರೂ ಹೋಟೆಲ್‌ಗಳಿಗೆ ಈ ಲೆಕ್ಕ ಬರೆದುಕೊಳ್ಳಿ. ಅರ್ಧ ನಿರ್ಧಾರ ಅಲ್ಲಿಗೇ ಮುಗಿದಿರುತ್ತದೆ. ಹತ್ತಿರದಲ್ಲೇ ಮೆಟ್ರೊ ನಿಲ್ದಾಣವಿದ್ದರೆ ಅದಕ್ಕೆ ಹೆಚ್ಚಿನ ಅಂಕ ಕೊಡಿ. ಸೂಟ್ ಹಾಕಿಕೊಂಡು ಮೆಟ್ರೊ ಹತ್ತುವುದು ಯಾವ ಅವಮಾನವೂ ಅಲ್ಲ.

ನನ್ನನ್ನು ಕೇಳಿದರೆ, ಮೀಟಿಂಗ್‌ಗಳು ಅದೇ ಕಡೆ ಇದ್ದರೆ ಕಚೇರಿಗಳ ನಡುವಿನ ಹೊಸ ಹೋಟೆಲ್. ಎರಡು ಮೀಟಿಂಗ್ ಎರಡು ಮೂಲೆಯಲ್ಲಿದ್ದರೆ ಬೆಳಗ್ಗೆ ಬೇಗ ಇರುವ ಮೀಟಿಂಗ್‌ಗೆ ಹತ್ತಿರವಾದದ್ದು. ವಿಮಾನ ನಿಲ್ದಾಣದ ಹೋಟೆಲ್ ನಡುರಾತ್ರಿ ಇಳಿಯುವವರಿಗೆ, ಬೆಳಕು ಹರಿಯುವ ಮೊದಲೇ ಹಾರುವವರಿಗೆ. ಹಳೆಯ ಹೋಟೆಲ್‌ನ ಘನತೆ ದೊಡ್ಡದೇ, ಆದರೆ ಹಳೆಯ ಕಟ್ಟಡಗಳಲ್ಲಿ ಒಂದು ರೂಮಿನಂತೆ ಇನ್ನೊಂದಿರುವುದಿಲ್ಲ; ಒಂದೇ ಬಾಡಿಗೆಗೆ ಒಬ್ಬರಿಗೆ ಉದ್ಯಾನ ಕಂಡರೆ ಇನ್ನೊಬ್ಬರಿಗೆ ಎದುರಿನ ಗೋಡೆ. ಗ್ರಾಹಕರ ಕಣ್ಣು ಅರಳಬೇಕೆಂದಿದ್ದರೆ ಔತಣವನ್ನು ಅಲ್ಲಿ ಇಟ್ಟುಕೊಳ್ಳಿ. ಊಟ ಮಾಡಿದಲ್ಲೇ ಮಲಗಬೇಕೆಂಬ ನಿಯಮವೇನೂ ಇಲ್ಲವಲ್ಲ.

ಬ್ರ್ಯಾಂಡ್ ಹೆಸರನ್ನು ಪೂರ್ತಿ ನಂಬಬೇಡಿ. ದೊಡ್ಡ ಹೋಟೆಲ್ ಸಮೂಹಗಳು ತಮ್ಮ ಬೋರ್ಡ್ ಇರುವ ಕಟ್ಟಡಗಳಲ್ಲಿ ಬಹುಪಾಲಿನ ಒಡೆಯರಲ್ಲ. ಒಡೆಯ ಬೇರೆ, ಸಮೂಹದ್ದು ನಡೆಸುವ ಗುತ್ತಿಗೆ ಅಥವಾ ಹೆಸರು ಬಳಸಲು ಕೊಡುವ ಫ್ರ್ಯಾಂಚೈಸಿ ಅಷ್ಟೇ. ರೂಮುಗಳ ನವೀಕರಣಕ್ಕೆ ದುಡ್ಡು ಹಾಕುವವನು ಆ ಒಡೆಯ. ಒಂದೇ ಹೆಸರು ಒಂದು ನಗರದಲ್ಲಿ ಹೊಳೆಯುವುದಕ್ಕೂ ಇನ್ನೊಂದರಲ್ಲಿ ಮಾಸಿರುವುದಕ್ಕೂ ಮುಖ್ಯ ಕಾರಣ ಇದೇ. ಫೋನ್ ಮಾಡಿ ನೇರವಾಗಿ ಕೇಳಿ: ರೂಮುಗಳ ನವೀಕರಣ ಆಗಿದ್ದು ಯಾವ ವರ್ಷ? ನಾನು ಇರುವ ದಿನಗಳಲ್ಲಿ ರಿಪೇರಿ ಕೆಲಸ ಏನಾದರೂ ನಡೆಯುತ್ತಿರುತ್ತದೆಯೇ? ಆ ವಾರ ನಗರದಲ್ಲಿ ದೊಡ್ಡ ವ್ಯಾಪಾರ ಮೇಳವೋ ಸಮ್ಮೇಳನವೋ ಇದೆಯೇ ಎಂದೂ ನೋಡಿಕೊಳ್ಳಿ. ಇದ್ದರೆ ಬಾಡಿಗೆ ಏರುತ್ತದೆ, ರಸ್ತೆ ಕಟ್ಟಿಕೊಳ್ಳುತ್ತದೆ, ಹೋಟೆಲ್ ಇರುವ ರೂಮಿಗಿಂತ ಹೆಚ್ಚು ಬುಕಿಂಗ್ ತೆಗೆದುಕೊಂಡಿರುವ ಸಾಧ್ಯತೆಯೂ ಇರುತ್ತದೆ. ಅಂಥ ದಿನ ತಡವಾಗಿ ಬಂದವರನ್ನು ಬೇರೆ ಹೋಟೆಲ್‌ಗೆ ಸಾಗಹಾಕುತ್ತಾರೆ. ರಾತ್ರಿ ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಮೊದಲೇ ಬರೆದು ತಿಳಿಸಿ.

ಪ್ರಶ್ನೆ: ಹಾಸಿಗೆ ಎಷ್ಟೇ ಮೆತ್ತಗಿರಲಿ, ಮೊದಲ ರಾತ್ರಿ ನನಗೆ ನಿದ್ದೆ ಹತ್ತುವುದಿಲ್ಲ. ಮರುದಿನ ಮೀಟಿಂಗ್‌ನಲ್ಲಿ ಮಂಕಾಗಿರುತ್ತೇನೆ. ಇನ್ನಷ್ಟು ಖರ್ಚು ಮಾಡಿ ಸ್ವೀಟ್ (ಮಲಗುವ ಕೋಣೆಯ ಜತೆ ಕೂರುವ ಕೋಣೆಯೂ ಇರುವ ದೊಡ್ಡ ರೂಮು) ತೆಗೆದುಕೊಂಡರೆ ಸರಿಹೋದೀತೇ?

ಉತ್ತರ: ಇಲ್ಲ. ಇದು ನಿಮ್ಮೊಬ್ಬರ ತೊಂದರೆಯೂ ಅಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ನಿದ್ರಿಸದೆ ಸಪ್ಪಳಕ್ಕೆ ಕಿವಿಗೊಟ್ಟಿರುತ್ತದೆ ಎಂದು ಕಂಡುಬಂತು. ಮಿದುಳು ಹೀಗೆ ಅರೆ ಎಚ್ಚರದಲ್ಲಿರುವಾಗ ನಿಮಗೆ ಬೇಕಾದದ್ದು ದೊಡ್ಡ ರೂಮಲ್ಲ, ಸದ್ದಿಲ್ಲದ ರೂಮು. ಅದಕ್ಕೆ ಹೆಚ್ಚಿನ ದುಡ್ಡೂ ಬೇಕಿಲ್ಲ, ಕೇಳಬೇಕಷ್ಟೆ.

ಕೇಳುವಾಗ ‘ಶಾಂತವಾದ ರೂಮು ಕೊಡಿ’ ಎಂದಷ್ಟೇ ಬರೆದರೆ ಯಾರೂ ಗಮನಿಸುವುದಿಲ್ಲ. ಬಿಡಿಸಿ ಬರೆಯಿರಿ. ಲಿಫ್ಟ್, ಐಸ್ ಮೆಷಿನ್, ಸಿಬ್ಬಂದಿಯ ಕೋಣೆ ಇವುಗಳಿಂದ ದೂರ ಇರಲಿ. ಪಕ್ಕದ ರೂಮಿಗೆ ತೆರೆಯುವ ಒಳಬಾಗಿಲು ಬೇಡವೇ ಬೇಡ. ಗೋಡೆ ತಡೆಯುವ ಮಾತನ್ನೆಲ್ಲ ಆ ಬಾಗಿಲು ಬಿಟ್ಟುಕೊಡುತ್ತದೆ. ಜಿಮ್, ಬಾರ್, ಮದುವೆ ನಡೆಯುವ ಹಾಲ್ ನೇರ ಮೇಲೋ ಕೆಳಗೋ ಇರಬಾರದು. ಎತ್ತರದ ಮಹಡಿಗೆ ರಸ್ತೆಯ ಗದ್ದಲ ಕಡಿಮೆ ಎಂಬುದು ನಿಜ. ಆದರೆ ಅಗ್ನಿಶಾಮಕ ವಾಹನಗಳ ಸಾಮಾನ್ಯ ಏಣಿ ಸುಮಾರು 30 ಮೀಟರ್ ಮುಟ್ಟುತ್ತದೆ, ಹಾಗಾಗಿ ಸುರಕ್ಷತೆ ನೋಡುವವರು ಮೂರರಿಂದ ಆರನೇ ಮಹಡಿಯೊಳಗೆ ಇರಿ ಎನ್ನುತ್ತಾರೆ. ಎರಡಕ್ಕೂ ಹೊಂದುವ ಉತ್ತರವೆಂದರೆ ಐದೋ ಆರನೆಯದೋ ಮಹಡಿ, ರಸ್ತೆಗೆ ಬೆನ್ನು ಹಾಕಿದ ರೂಮು.

ಸಾಧ್ಯವಾದರೆ ಒಂದು ರಾತ್ರಿ ಮುಂಚೆಯೇ ಹೋಗಿ. ಮೀಟಿಂಗ್‌ನ ಹಿಂದಿನ ರಾತ್ರಿ ನಿಮಗೆ ಅಲ್ಲಿ ಎರಡನೆಯದಾಗಿರಲಿ. ಸ್ವೀಟ್‌ಗೆ ಸುರಿಯುವ ಹಣಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ. ಬೆಳಗಿನ ಜಾವ ಇಳಿಯುವವರಿಗೆ ಇನ್ನೊಂದು ಮಾತು: ಹಲವು ಹೋಟೆಲ್‌ಗಳಲ್ಲಿ ರೂಮು ಸಿಗುವುದು ಮಧ್ಯಾಹ್ನ ಮೂರರ ಮೇಲೆ. ‘ಬೇಗ ಬಂದರೆ ನೋಡೋಣ’ ಎಂಬುದು ಭರವಸೆಯಲ್ಲ. ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಿ, ಬೆಳಗ್ಗೆ ಬರುತ್ತೇನೆಂದು ತಿಳಿಸಿಡಿ. ತಿಳಿಸದಿದ್ದರೆ ಬರಲಿಲ್ಲವೆಂದು ಇಡೀ ಬುಕಿಂಗನ್ನೇ ತೆಗೆದುಹಾಕಿಯಾರು.

ಪ್ರಶ್ನೆ: ಬುಕಿಂಗ್ ತಾಣದಲ್ಲಿ ಹೋಟೆಲ್‌ನ ಸ್ವಂತ ದರಕ್ಕಿಂತ ಕಡಿಮೆ ಕಾಣುತ್ತದೆ. ಆದರೆ ಹೊರಡುವ ದಿನ ಬಿಲ್ ನೋಡಿದರೆ ಲೆಕ್ಕ ತಾಳೆಯಾಗುವುದೇ ಇಲ್ಲ. ಎಲ್ಲಿ ಸೋರುತ್ತದೆ?

ಉತ್ತರ: ಹೆಚ್ಚಾಗಿ ಸೋರುವುದು ನಾಲ್ಕು ಕಡೆ. ಅಗ್ಗದ ದರ ಸಾಮಾನ್ಯವಾಗಿ ಮುಂಗಡ ಕಟ್ಟಿ, ರದ್ದಾದರೆ ಮರಳಿ ಬರದ ದರ. ರಜೆಗೆ ಹೋಗುವವರಿಗೆ ಅದು ಸರಿ. ಮೀಟಿಂಗ್ ಎಂಬುದು ಒಂದು ಫೋನ್ ಕರೆಗೆ ಮುಂದಕ್ಕೆ ಹೋಗುವ ವಸ್ತು; ಸ್ವಲ್ಪ ಹೆಚ್ಚು ಕೊಟ್ಟು ರದ್ದು ಮಾಡಬಹುದಾದ ದರವನ್ನೇ ಹಿಡಿಯಿರಿ. ಎರಡನೆಯದು ತೆರಿಗೆ ಮತ್ತು ‘ಸೌಲಭ್ಯ ಶುಲ್ಕ’. ಕಡ್ಡಾಯ ಶುಲ್ಕಗಳನ್ನೆಲ್ಲ ಮೊದಲು ತೋರಿಸುವ ಬೆಲೆಯಲ್ಲೇ ಸೇರಿಸಬೇಕೆಂಬ ನಿಯಮ ಅಮೆರಿಕದಲ್ಲಿ 2025ರ ಮೇ 12ರಿಂದ ಜಾರಿಯಲ್ಲಿದೆ. ಇಂಥ ನಿಯಮ ಎಲ್ಲೆಡೆ ಇಲ್ಲವಾದ್ದರಿಂದ ಹಣ ಕಟ್ಟುವ ಕೊನೆಯ ಪುಟದವರೆಗೆ ಹೋಗಿ ಒಟ್ಟು ಮೊತ್ತವನ್ನೇ ಹೋಲಿಸಿ. ಮೂರನೆಯದು ಮಿನಿಬಾರ್: ಕೆಲವು ಹೋಟೆಲ್‌ಗಳಲ್ಲಿ ಬಾಟಲಿಯ ಕೆಳಗೆ ಸೆನ್ಸರ್ ಇರುತ್ತದೆ, ಎತ್ತಿ ನೋಡಿದರೂ ಬಿಲ್‌ಗೆ ಬೀಳಬಹುದು. ನಾಲ್ಕನೆಯದು ಹೊರದೇಶದಲ್ಲಿ ಕಾರ್ಡ್ ಉಜ್ಜುವಾಗ. ‘ನಿಮ್ಮ ದೇಶದ ಹಣದಲ್ಲೇ ಕಟ್ಟುತ್ತೀರಾ’ ಎಂದು ಮೆಷಿನ್ ಕೇಳುತ್ತದೆ. ಸೌಜನ್ಯದಂತೆ ಕಾಣುವ ಆ ಪ್ರಶ್ನೆಗೆ ಬೇಡ ಎನ್ನಿ. ಆ ಪರಿವರ್ತನೆಯ ದರ ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನದಕ್ಕಿಂತ ದುಬಾರಿ.

ಕ್ರೆಡಿಟ್ ಕಾರ್ಡನ್ನೇ ಕೊಡಿ. ಚೆಕ್ ಇನ್ ವೇಳೆ ಹೋಟೆಲ್ ಒಂದು ಮೊತ್ತವನ್ನು ಕಾಯ್ದಿರಿಸುತ್ತದೆ. ಡೆಬಿಟ್ ಕಾರ್ಡ್ ಆದರೆ ನಿಮ್ಮ ಖಾತೆಯ ನಿಜವಾದ ಹಣವೇ ಕೆಲವು ದಿನ ಸಿಕ್ಕಿಕೊಂಡಿರುತ್ತದೆ.

ಹೋಟೆಲ್‌ನಲ್ಲೇ ನೇರವಾಗಿ ಬುಕ್ ಮಾಡುವುದಕ್ಕೂ ಕಾರಣವಿದೆ. ಬೇರೆ ತಾಣದಿಂದ ಬುಕ್ ಮಾಡಿದರೆ ದೊಡ್ಡ ಸಮೂಹಗಳು ಸಾಮಾನ್ಯವಾಗಿ ಲಾಯಲ್ಟಿ ಪಾಯಿಂಟ್ (ಮತ್ತೆ ಮತ್ತೆ ಬರುವ ಗ್ರಾಹಕರಿಗೆ ಕೊಡುವ ಅಂಕ) ಕೊಡುವುದಿಲ್ಲ. ಎಷ್ಟೋ ಹೋಟೆಲ್‌ಗಳು ಬೇರೆಡೆ ಕಡಿಮೆ ದರ ತೋರಿಸಿದರೆ ತಾವೂ ಅಷ್ಟಕ್ಕೇ ಇಳಿಸುತ್ತವೆ, ಕೇಳಿ ನೋಡಿ. ಎಲ್ಲಕ್ಕಿಂತ ಮೊದಲು ನಿಮ್ಮ ಕಂಪನಿಗೆ ಅಲ್ಲಿ ಒಪ್ಪಂದದ ದರ ಇದೆಯೇ ಎಂದು ವಿಚಾರಿಸಿ. ಎಕ್ಸಿಕ್ಯುಟಿವ್ ಲೌಂಜ್ (ಆಯ್ದ ಅತಿಥಿಗಳಿಗಷ್ಟೇ ಇರುವ ವಿಶ್ರಾಂತಿ ಕೋಣೆ) ಬಳಸಲು ಬಿಡುವ ರೂಮಿಗೆ ಹೆಚ್ಚು ಕೊಡಬೇಕೇ? ಬೆಳಗಿನ ತಿಂಡಿ ಮತ್ತು ಸಣ್ಣ ಮೀಟಿಂಗ್ ಕೋಣೆ ಅದರಲ್ಲೇ ಸೇರಿದ್ದು, ನೀವು ಅವನ್ನು ಬಳಸುವವರಾದರೆ ಕೊಡಿ. ದಿನವೆಲ್ಲ ಹೊರಗೇ ಇರುವವರಿಗೆ ದಂಡ.

ಪ್ರಶ್ನೆ: ಒಂಟಿಯಾಗಿ ಪ್ರಯಾಣಿಸುವ ಮಹಿಳೆ ನಾನು. ಲ್ಯಾಪ್‌ಟಾಪ್‌ನಲ್ಲಿ ಗುಟ್ಟಿನ ಕಾಗದಪತ್ರಗಳೂ ಇರುತ್ತವೆ. ದುಬಾರಿ ಹೋಟೆಲ್ ಎಂದರೆ ಭದ್ರವೇ?

ಉತ್ತರ: ದುಬಾರಿ ಹೋಟೆಲ್‌ಗಳಲ್ಲಿ ದೊಡ್ಡ ಹುದ್ದೆಯವರು ತಂಗುತ್ತಾರೆ ಎಂಬುದು ಕಳ್ಳರಿಗೂ ಗೊತ್ತು. 2014ರಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಸೈಬರ್ ಭದ್ರತಾ ಸಂಸ್ಥೆ ಬಯಲಿಗೆ ತಂದ ‘ಡಾರ್ಕ್‌ಹೋಟೆಲ್’ ದಾಳಿಯಲ್ಲಿ ನಡೆದದ್ದು ಇದೇ. ಐಷಾರಾಮಿ ಹೋಟೆಲ್‌ನ ವೈಫೈಗೆ ಸೇರಿದ ಅಧಿಕಾರಿಗಳ ಮುಂದೆ ಪರಿಚಿತ ಸಾಫ್ಟ್‌ವೇರ್‌ನ ಅಪ್‌ಡೇಟ್ ಬಂದಂತೆ ತೋರಿಸಿ, ಒಪ್ಪಿದವರ ಲ್ಯಾಪ್‌ಟಾಪ್‌ಗೆ ಬೇಹುಗಾರಿಕೆಯ ಸಾಫ್ಟ್‌ವೇರ್ ಇಳಿಸುತ್ತಿದ್ದರು. ಮುಖ್ಯವಾದ ಕೆಲಸಕ್ಕೆ ನಿಮ್ಮ ಫೋನಿನ ಹಾಟ್‌ಸ್ಪಾಟ್, ಜತೆಗೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ವಿಪಿಎನ್ ಬಳಸಿ. ಅಪ್‌ಡೇಟ್‌ಗಳನ್ನು ಹೊರಡುವ ಮೊದಲೇ ಮುಗಿಸಿ. ರೂಮಿನ ಸೇಫ್ ಅನ್ನು ಸಿಬ್ಬಂದಿಯೂ ತೆರೆಯಬಲ್ಲರು. ನಿಮ್ಮ ಒಡವೆಗೆ ಸಾಕು, ಕಂಪನಿಯ ಗುಟ್ಟಿಗೆ ಸಾಲದು.

ಬಾಗಿಲ ಬಗ್ಗೆ: ಸ್ಯಾಫ್‌ಲಾಕ್ ಎಂಬ ಕಾರ್ಡ್ ಬೀಗಗಳನ್ನು ನಕಲಿ ಕಾರ್ಡ್‌ನಿಂದ ತೆರೆಯಬಹುದೆಂದು ಸಂಶೋಧಕರು 2024ರಲ್ಲಿ ತಿಳಿಸಿದರು. ಜಗತ್ತಿನಾದ್ಯಂತ 30 ಲಕ್ಷಕ್ಕೂ ಹೆಚ್ಚು ಬಾಗಿಲುಗಳಲ್ಲಿ ಆ ಬೀಗಗಳಿದ್ದವು, ಬೀಗಕ್ಕೆ ಸೇರಿದ, ಒಳಗಿನಿಂದ ಹಾಕುವ ಬೋಲ್ಟ್ ಕೂಡ ಆ ನಕಲಿ ಕಾರ್ಡ್‌ಗೆ ತೆರೆದುಕೊಳ್ಳುತ್ತಿತ್ತು. ಬೀಗಕ್ಕೆ ಸೇರದ, ಕೈಯಿಂದ ಹಾಕುವ ಸರಪಳಿ ಅಥವಾ ಚಿಲಕ ಇರುವ ರೂಮೇ ಬೇಕೆಂದು ಕೇಳಿ, ರಾತ್ರಿ ಮರೆಯದೆ ಹಾಕಿ. ರಿಸೆಪ್ಷನ್‌ನಲ್ಲಿ ನಿಮ್ಮ ರೂಮ್ ನಂಬರನ್ನು ಎಲ್ಲರಿಗೂ ಕೇಳುವಂತೆ ಹೇಳಿದರೆ ಮುಜುಗರಪಡದೆ ಬೇರೆ ರೂಮು ಕೇಳಿ. ಒಳ್ಳೆಯ ಹೋಟೆಲ್‌ನವರು ನಂಬರನ್ನು ಬರೆದೇ ಕೊಡುತ್ತಾರೆ.

ಪ್ರಶ್ನೆ: ಲಾಬಿಯಲ್ಲಿ ಕೋಟಿನ ಮೇಲೆ ಎರಡು ಚಿನ್ನದ ಬೀಗದಕೈ ಧರಿಸಿ ನಿಂತವರು ಯಾರು? ಅವರಿಂದ ನನಗೇನು ಉಪಯೋಗ?

ಉತ್ತರ: ಅವರು ಕನ್ಸಿಯರ್ಜ್, ಅಂದರೆ ಅತಿಥಿಗಳಿಗೆ ಬೇಕಾದ ವ್ಯವಸ್ಥೆ ಮಾಡಿಕೊಡುವವರು. ಆ ಬೀಗದಕೈಗಳು 1929ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ‘ಲೆ ಕ್ಲೆ ದೋರ್’ ಎಂಬ ವೃತ್ತಿಸಂಘದ ಗುರುತು. ಅನುಭವ ನೋಡಿಯೇ ಕೊಡುತ್ತಾರೆ. ಅಂಥವರಿದ್ದರೆ ಹೊರಡುವ ಒಂದು ವಾರ ಮೊದಲೇ ಇಮೇಲ್ ಬರೆಯಿರಿ: ಮಾತು ಕೇಳಿಸುವಷ್ಟು ಶಾಂತವಾದ ಊಟದ ಜಾಗ, ಮೀಟಿಂಗ್‌ಗೆ ಹೋಗಲು ಕಾರು, ಹರಿದ ಸೂಟ್ ಒಂದೇ ದಿನದಲ್ಲಿ ಹೊಲಿದು ಕೊಡುವ ದರ್ಜಿ. ಎಷ್ಟು ಬೇಗ, ಎಷ್ಟು ಸರಿಯಾಗಿ ಉತ್ತರ ಬರುತ್ತದೆ ನೋಡಿ. ಉತ್ತರವೇ ಬಾರದಿದ್ದರೆ ರದ್ದು ಮಾಡಲು ನಿಮಗೆ ಇನ್ನೂ ಸಮಯ ಇರುತ್ತದೆ.