ಉಳಿದ ಹಲ್ಲಿನ ಲೆಕ್ಕ ಎಲ್ಲಿ?

ಪತ್ರ: ಹದಿಮೂರು ವರ್ಷದಿಂದ ಒಸಡಿನ ಕಾಯಿಲೆಗೆ ಚಿಕಿತ್ಸೆ ಮಾಡಿಸುತ್ತಿದ್ದೇನೆ. ನಾಲ್ಕು ತಿಂಗಳಿಗೊಮ್ಮೆ ಡೊಂಬಿವಿಲಿಯಿಂದ ದಾದರಿಗೆ ಹೋಗಿ ಕ್ಲೀನಿಂಗ್. ಆದರೂ ಎರಡು ದವಡೆ ಹಲ್ಲು ಹೋದವು. ಅಷ್ಟು ದುಡ್ಡು, ಲೋಕಲ್ ಟ್ರೈನಿನ ನೂಕಾಟ, ಎಲ್ಲ ದಂಡ. ಮೊದಲೇ ಎಲ್ಲ ಕೀಳಿಸಿ ಸೆಟ್ ಹಾಕಿಸಿಕೊಂಡ ನನ್ನ ಅಣ್ಣನೇ ಬುದ್ಧಿವಂತ, ಅಲ್ವಾ?
– ಓದುಗರು, ಡೊಂಬಿವಿಲಿ (ಹೆಸರು ಬೇಡ ಅಂದಿದ್ದಾರೆ)

ಉತ್ತರ: ಅಲ್ಲ ಮಾರಾಯ್ರೇ.

ಅಣ್ಣನವರ ಪರವಾಗಿ ಎರಡು ಮಾತು ಹೇಳಿಬಿಡುತ್ತೇನೆ. ಪೂರ್ತಿ ಅಲ್ಲಾಡುವ, ಕೀವು ಸುರಿಯುವ ಹಲ್ಲನ್ನು ಇಟ್ಟುಕೊಂಡು ಪೂಜೆ ಮಾಡಿ ಅಂತ ನಾನೂ ಹೇಳುವುದಿಲ್ಲ. ಖರ್ಚಿನ ಮಾತೂ ಸುಳ್ಳಲ್ಲ. ಅವರ ವಕಾಲತ್ತು ಇಲ್ಲಿಗೆ ಮುಗಿಯಿತು.

ನಿಮ್ಮ ಪತ್ರದಲ್ಲಿ ಹೋದ ಹಲ್ಲಿನ ಲೆಕ್ಕವಿದೆ. ಉಳಿದದ್ದರ ಲೆಕ್ಕ ಎಲ್ಲಿ? 1978ರಲ್ಲಿ ಹಿರ್ಷ್‌ಫೆಲ್ಡ್ ಮತ್ತು ವಾಸರ್‌ಮನ್ ಎಂಬ ಇಬ್ಬರು ಅಮೆರಿಕದಲ್ಲಿ ಇಂಥ 600 ರೋಗಿಗಳ ಲೆಕ್ಕ ಪ್ರಕಟಿಸಿದರು. ಸರಾಸರಿ 22 ವರ್ಷ ಹಿಂಬಾಲಿಸಿದ ಲೆಕ್ಕ. 300 ಜನಕ್ಕೆ ಒಸಡಿನ ಕಾಯಿಲೆಯಿಂದ ಒಂದು ಹಲ್ಲೂ ಹೋಗಿರಲಿಲ್ಲ. 199 ಜನಕ್ಕೆ ಒಂದರಿಂದ ಮೂರು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಹೋದವರು 25 ಜನ ಮಾತ್ರ. ಎರಡು ಕಳೆದುಕೊಂಡ ನೀವು ಪಾಸಾದವರ ಸಾಲಿನಲ್ಲಿದ್ದೀರಿ, ಫೇಲಾದೆ ಅಂತ ಅಳುತ್ತಿದ್ದೀರಿ!

ಹೋದದ್ದು ದವಡೆ ಹಲ್ಲೇ ಯಾಕೆ ಗೊತ್ತಾ? ಅದಕ್ಕೆ ಎರಡು ಮೂರು ಬೇರು. ಮೂಳೆ ಸವೆದಾಗ ಬೇರುಗಳ ನಡುವೆ ಸಂದು ಬಿಡುತ್ತದೆ. ನಮ್ಮ ಮುಂಬಯಿಯ ಹಳೇ ಬಿಲ್ಡಿಂಗುಗಳ ನಡುವಿನ ಹೌಸ್ ಗಲ್ಲಿ ನೋಡಿದ್ದೀರಲ್ಲ, ಅದೇ ಕತೆ. ಕಸ ಸುಲಭವಾಗಿ ಬೀಳುತ್ತದೆ, ಪೊರಕೆ ಮಾತ್ರ ಒಳಗೆ ಹೋಗುವುದಿಲ್ಲ.

‘ಹಲ್ಲಿಗೆ ಮಿಶ್ರಿ (ಸುಟ್ಟ ತಂಬಾಕಿನ ಪುಡಿ) ಉಜ್ಜುತ್ತಿದ್ದ ನಮ್ಮಜ್ಜಿಗೆ ಎಲ್ಲ ಹಲ್ಲೂ ಇದ್ದವು’ ಅನ್ನುವವರು ಪ್ರತಿ ಚಾಳಿನಲ್ಲೂ ಒಬ್ಬರಿದ್ದಾರೆ. ಇರಬಹುದು. ಶ್ರೀಲಂಕಾದ ಟೀ ತೋಟಗಳಲ್ಲಿ ಬ್ರಶ್ಶೂ ಇಲ್ಲದ, ಡಾಕ್ಟರೂ ಇಲ್ಲದ 480 ಕೂಲಿಯವರನ್ನು 1970ರಿಂದ 15 ವರ್ಷ ಗಮನಿಸಿದರು. ನೂರಕ್ಕೆ ಸುಮಾರು 11 ಜನಕ್ಕೆ ಒಸಡಿನ ಉರಿಯೂತ ಮುಂದೆ ಹೋಗಲೇ ಇಲ್ಲ. ಅಜ್ಜಿ ಆ ಸಾಲಿನವರು. ಇನ್ನು 8 ಜನಕ್ಕೆ 45 ವಯಸ್ಸಿಗೆ ಬಾಯಿ ಖಾಲಿ. ಆ ಮಿಶ್ರಿಯನ್ನು ಹಲ್ಲುಪುಡಿ ಅಂತ ಹೊಗಳುವುದನ್ನು ಮಾತ್ರ ದಯವಿಟ್ಟು ಬಿಡಿ.

ಬುದ್ಧಿ ಹೇಳುವ ನಾನೇನೂ ಸಾಚಾ ಅಲ್ಲ. ನನಗೂ ಇದೇ ಕಾಯಿಲೆ, ಕ್ಲೀನಿಂಗನ್ನು ಮೂರು ವರ್ಷ ತಪ್ಪಿಸಿದ್ದೆ. ನೋವಿರಲಿಲ್ಲ, ಈ ಕಾಯಿಲೆಯ ಮೋಸವೇ ಅದು. ಮತ್ತೆ ಹೋದಾಗ ಡಾಕ್ಟರು ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಒಸಡಿನ ಸಂದಿಗೆ ಇಳಿಸುತ್ತಾ ಸಂದಿನ ಆಳವನ್ನು ಮರಾಠಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕೂಗುತ್ತಿದ್ದರು: ‘ತೀನ್, ತೀನ್, ಸಾತ್.’ ಮೂರು, ಮೂರು, ಏಳು. ಸಾತ್ ಅಂದ ಕೂಡಲೇ ಬರೆದುಕೊಳ್ಳುತ್ತಿದ್ದ ಹುಡುಗಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆ ನೋಟಕ್ಕೆ ಹೆದರಿ ಈಗ ಒಂದು ಸರದಿಯೂ ತಪ್ಪಿಸುವುದಿಲ್ಲ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವುದು ಸುಮ್ನೆ ಮಾತು. ಹಲ್ಲು ಆಗಲೇ ಸಡಿಲವಾಗಿರುತ್ತದೆ. ಹಲ್ಲಿಗೆ ಕಟ್ಟಿದ ಗಟ್ಟಿ ಕಿಟ್ಟ ಸಿಮೆಂಟಿನ ಹಾಗೆ ಹಿಡಿದುಕೊಂಡಿರುತ್ತದೆ, ಅಷ್ಟೇ.

ನಮ್ಮ ಜನಕ್ಕೆ ಹೊಸದನ್ನು ಕಟ್ಟಲು ಉತ್ಸಾಹ, ಇದ್ದದ್ದನ್ನು ನೋಡಿಕೊಳ್ಳಲು ಬೇಜಾರು. ಇಲ್ಲಿನ ಒಂದು ಕನ್ನಡ ಸಂಘದ ಕತೆ ಕೇಳಿ. ಎ.ಸಿ. ಹಾಲ್ ಕಟ್ಟುತ್ತೇವೆ ಅಂದಾಗ ದಾನಿಗಳ ಸಾಲು. ಹೆಸರು ಕೆತ್ತಲು ಅಮೃತಶಿಲೆಯಲ್ಲಿ ಜಾಗ ಸಾಲಲಿಲ್ಲ. ಅದೇ ಹಾಲಿನ ಹಿಂದಿನ ಕೋಣೆಯಲ್ಲಿ ಪುಸ್ತಕದ ಕಪಾಟಿಗೆ ಗೆದ್ದಲು ಹತ್ತಿದೆ. ಒಂದು ನಿಘಂಟು ಎತ್ತಿಕೊಂಡೆ. ರಟ್ಟು ಕೈಗೆ ಬಂತು, ‘ಅ’ದಿಂದ ‘ಕ’ದವರೆಗೆ ಮಣ್ಣಾಗಿ ಕಾಲ ಮೇಲೆ ಬಿತ್ತು. ಔಷಧಿ ಹೊಡೆಸಿ ಅಂತ ಮಳೆಗಾಲಕ್ಕೆ ಮೊದಲೇ ಹೇಳಿದ್ದೆ. ‘ಮುಂದಿನ ಮೀಟಿಂಗಿನಲ್ಲಿ ನೋಡೋಣ’ ಅಂದರು. ಔಷಧಿ ಹೊಡೆಸಿದವನ ಹೆಸರನ್ನು ಯಾರು ಕಲ್ಲಿನಲ್ಲಿ ಕೆತ್ತುತ್ತಾರೆ ಹೇಳಿ?

ಎಲ್ಲಿಂದ ಎಲ್ಲಿಗೋ ಹೋದೆ. ನೀವು ಸಿಗರೇಟು ಸೇದುತ್ತೀರಾ, ಸಕ್ಕರೆ ಕಾಯಿಲೆ ಇದೆಯಾ, ಬರೆದಿಲ್ಲ. ಎರಡೂ ಒಸಡಿಗೆ ಶತ್ರು, ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಮುಂದಿನ ಸರದಿಗೆ ದಾದರಿಗೆ ಹೋಗಿ. ಬಂದ ಮೇಲೆ ಕನ್ನಡಿ ಮುಂದೆ ನಿಂತು ಉಳಿದದ್ದನ್ನು ಎಣಿಸಿ ಬರೆಯಿರಿ. ಆ ಪತ್ರವನ್ನೂ ಅಚ್ಚು ಹಾಕುತ್ತೇನೆ.
– ಸಂ.