ರೂಟರ್ ಯಂತ್ರ ಇಲ್ಲದೆ, ಗಾಡಿ ಗರಗಸದಲ್ಲೇ ಸಿಲ್ವರ್ ಓಕ್ ಹಲಗೆಗೆ ಅಡ್ಡ ಗಾಡಿ ಹೊಡೆಯಬಹುದೇ?

ಧಾರಾಳವಾಗಿ ಹೊಡೆಯಬಹುದು. ಗಾಡಿ ಅಂದರೆ ಶೆಲ್ಫ್ ಹಲಗೆಯ ತುದಿ ಕೂರುವಂತೆ ಪಕ್ಕದ ಹಲಗೆಯಲ್ಲಿ ತೋಡುವ ಕಾಲುವೆ, ಅದರ ಎರಡು ಗೋಡೆ ಕೊಯ್ಯುವ ಗಿಡ್ಡ ಗರಗಸವೇ ಗಾಡಿ ಗರಗಸ. ಪುಸ್ತಕದ ಶೆಲ್ಫಿನ ಪಕ್ಕದ ಹಲಗೆ 25 ಮಿ.ಮೀ. ದಪ್ಪ ಇದ್ದರೆ 8 ಮಿ.ಮೀ. ಆಳ ಸಾಕು. ದಪ್ಪದ ಮೂರನೇ ಒಂದು ಭಾಗ ಮೀರಿದರೆ ಹಲಗೆ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಈ ಗರಗಸ ಮರದ ಎಳೆಗೆ ಅಡ್ಡ ಕೊಯ್ಯುವುದಕ್ಕೆ ಮಾತ್ರ. ಎಳೆಯ ಉದ್ದಕ್ಕೆ ಗಾಡಿ ಬೇಕಾದರೆ ಅದು ತೋಪಡದ (ಮರ ಹೆರೆಯುವ ಉಪಕರಣ) ಕೆಲಸ.

ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಗಾಡಿ ಗರಗಸ ಸಿಗದಿದ್ದರೆ ನೀವೇ ಮಾಡಿಕೊಳ್ಳಿ. ಹಳೇ ಕೈಗರಗಸದ 15–20 ಸೆಂ.ಮೀ. ತುಂಡು, ಇಂಚಿಗೆ 10–12 ಹಲ್ಲು, ಅಡ್ಡ ಕೊಯ್ಯುವ ಹಾಗೆ ಮೂರು ಮೂಲೆ ಅರ ಹಾಕಿದ್ದು. ಹಲ್ಲನ್ನು ಅಕ್ಕಪಕ್ಕಕ್ಕೆ ತೀರಾ ಕಡಿಮೆ ಬಾಗಿಸಿ. ಜಾಸ್ತಿಯಾದರೆ ಗಾಡಿ ಅಗಲವಾಗುತ್ತದೆ, ಗೋಡೆ ಒರಟಾಗುತ್ತದೆ. ಗಟ್ಟಿ ಮರದ ತುಂಡಿನ ಅಡಿಯಲ್ಲಿ ಸೀಳು ಮಾಡಿ, ಹಲ್ಲು 8 ಮಿ.ಮೀ. ಮಾತ್ರ ಹೊರಗಿರುವಂತೆ ಅಲಗು ಕೂರಿಸಿ. ಮರ ಹಲಗೆಗೆ ತಾಗಿದಾಗ ಗರಗಸ ತಾನೇ ನಿಲ್ಲುತ್ತದೆ. ಆಳದ ಚಿಂತೆ ಅಲ್ಲಿಗೆ ಮುಗಿಯಿತು.

ನಿಜವಾದ ಕೆಲಸ ಗರಗಸದ್ದಲ್ಲ, ಅದಕ್ಕೆ ದಾರಿ ತೋರುವ ಪಟ್ಟಿಯದು. ಶೆಲ್ಫ್ ಹಲಗೆಯನ್ನೇ ಇಟ್ಟು ಚಾಕುವಿನಲ್ಲಿ ಎರಡೂ ಗೆರೆ ಎಳೆಯಿರಿ. ಪೆನ್ಸಿಲ್ ಬೇಡ, ಸಿಲ್ವರ್ ಓಕ್ ಅಂಚು ಸುಲಭವಾಗಿ ಸಿಡಿಯುತ್ತದೆ. ಅಲಗಿನ ಪಕ್ಕ ಗರಗಸದ ಮರ 5 ಮಿ.ಮೀ. ಇದ್ದರೆ, ಕೊಯ್ತ ಗೆರೆಯ ಒಳಗೇ ಬೀಳುವಂತೆ ನೇರವಾದ ಪಟ್ಟಿಯನ್ನು ಗೆರೆಯಿಂದ 5 ಮಿ.ಮೀ. ಹೊರಗೆ ಕ್ಲಾಂಪ್ ಮಾಡಿ. ದೂರದ ತುದಿಯಿಂದ ಸಣ್ಣ ಸಣ್ಣ ಎಳೆತದಲ್ಲಿ ಶುರು ಮಾಡಿ, ದಾರಿ ಬಿದ್ದ ಮೇಲೆ ಪೂರ್ತಿ ಉದ್ದಕ್ಕೆ ಓಡಿಸಿ. ಹೊರ ಅಂಚು ಒಡೆಯದಂತೆ ಅಲ್ಲೊಂದು ತುಂಡು ಮರ ಒತ್ತಿಡಿ.

ಗಾಡಿ ಮುಂದಿನ ಅಂಚಿಗೆ ಮುಂಚೆಯೇ ನಿಲ್ಲಬೇಕಿದ್ದರೆ, ಆ ತುದಿಯಲ್ಲಿ ಮೊದಲೇ ಉಳಿಯಿಂದ 4 ಸೆಂ.ಮೀ. ಉದ್ದದ ಗುಳಿ ತೋಡಿ. ಇಲ್ಲದಿದ್ದರೆ ಗರಗಸದ ಮೂತಿ ಅಲ್ಲಿ ಗುದ್ದಿ ಹಲ್ಲು ಹಾಳಾಗುತ್ತದೆ, ಪುಡಿಯೂ ತುಂಬಿಕೊಳ್ಳುತ್ತದೆ. ಜಪಾನಿನ ಅಜೆಬಿಕಿ ಗರಗಸದ ಅಲಗು ಬಾಗಿರುವುದರಿಂದ ಹಲಗೆಯ ನಡುವಿನಿಂದಲೇ ಕೊಯ್ತ ಹಿಡಿಯಬಹುದು. ನೇರ ಅಲಗಿಗೆ ಆ ಸೌಕರ್ಯ ಇಲ್ಲ.

ಎರಡು ಗೋಡೆ ಕೊಯ್ದಾದ ಮೇಲೆ ನಡುವಿನ ಮರವನ್ನು ಉಳಿಯಿಂದ ಎರಡೂ ತುದಿಯಿಂದ ನಡುವಿಗೆ ತೆಗೆಯಿರಿ. ಸಾಮಾನ್ಯವಾಗಿ ನಡುವೆ ಉಬ್ಬು ಉಳಿಯುತ್ತದೆ, ಅದಕ್ಕೇ ಶೆಲ್ಫ್ ಅಲ್ಲಾಡುವುದು. ಗಾಡಿಯ ತಳದ ಮೇಲೆ ನೇರ ಪಟ್ಟಿ ನಿಲ್ಲಿಸಿದರೆ ಬೆಳಕಲ್ಲಿ ಕಾಣುತ್ತದೆ.

ಬಿಗಿಯಾದರೆ ಗಾಡಿಯನ್ನು ಮುಟ್ಟಬೇಡಿ, ಶೆಲ್ಫಿನ ತುದಿಯನ್ನು ತೋಪಡದಿಂದ ಸವರಿ. ಮಲೆನಾಡಿನ ಮಳೆಯಲ್ಲಿ ಉಬ್ಬಿದ ಹಲಗೆ ಬೇಸಿಗೆಗೆ ತೆಳ್ಳಗಾಗುತ್ತದೆ, ಜುಲೈಯಲ್ಲಿ ಅಳತೆ ತೆಗೆಯುವುದಾದರೆ ತುಸು ಬಿಗಿಯೇ ಇರಲಿ. ಶೆಲ್ಫಿನ ತುದಿಯಲ್ಲಿ ಅಡ್ಡ ಕತ್ತರಿಸಿದ ಎಳೆಗೆ ಗೋಂದು ಅಷ್ಟಾಗಿ ಹಿಡಿಯದು. ಹೊರಗಿನಿಂದ ಎರಡೆರಡು ಸ್ಕ್ರೂ ಹಾಕಿ.